ಸಾಫ್ಟ್‌ವೇರ್ ಕೆಟ್ಟ ಲ್ಯಾಪ್‌ಟಾಪನ್ನು ಗುಜರಿ ಬೆಲೆಗೆ ಕೊಡಬೇಡಿ

ವಿಂಡೋಸ್ ಲೋಗೋ ಬಂದು ಚುಕ್ಕಿಗಳು ಸುತ್ತುತ್ತಲೇ ನಿಂತುಬಿಡುವ, ನೀಲಿ ಪರದೆ ತೋರಿಸಿ ತಾನೇ ರೀಸ್ಟಾರ್ಟ್ ಆಗುವ, ಪಾಸ್‌ವರ್ಡ್ ಹಾಕಿದ ಮೇಲೆ ಹತ್ತು ನಿಮಿಷ ಕಪ್ಪಗೇ ಇರುವ ಲ್ಯಾಪ್‌ಟಾಪನ್ನು ಬೆಂಗಳೂರಿನ ಎಸ್.ಪಿ. ರಸ್ತೆಗೋ ನಿಮ್ಮೂರಿನ ಕಂಪ್ಯೂಟರ್ ಅಂಗಡಿಗೋ ಒಯ್ದರೆ ಮೊದಲು ಕೇಳಿಬರುವ ಮಾತು, "ಬೋರ್ಡ್ ಹೋಗಿರಬಹುದು". ಹಾಗೆಂದವರೆಲ್ಲ ಮೋಸಗಾರರಲ್ಲ. ಕೆಟ್ಟಿರುವುದು ವಿಂಡೋಸೋ ಮದರ್‌ಬೋರ್ಡೋ ಎಂದು ಅವರಿಗೆ ಮೇಲುನೋಟಕ್ಕೆ ತಿಳಿಯುವುದಿಲ್ಲ. ತಿಳಿಯದಿದ್ದಾಗ ದೊಡ್ಡ ಖರ್ಚನ್ನೇ ಲೆಕ್ಕ ಹಿಡಿದು ಬೆಲೆ ಕಟ್ಟುತ್ತಾರೆ. ಒಂದು ಪೆನ್‌ಡ್ರೈವ್ ಮತ್ತು ಅರ್ಧ ದಿನದಲ್ಲಿ ಸರಿಹೋಗುವ ತೊಂದರೆಗೆ ನೀವು ಮದರ್‌ಬೋರ್ಡಿನ ಬೆಲೆ ಕಳೆದುಕೊಳ್ಳುವುದು ಹೀಗೆ.

ಹಾಗಾಗಿ ಮಾರುವ ಮೊದಲಿನ ಕೆಲಸ, ತೊಂದರೆ ಸಾಫ್ಟ್‌ವೇರಿನದ್ದೇ ಎಂದು ತೋರಿಸಿಕೊಡುವುದು. ಆಮೇಲೆ ಸರಿಮಾಡಿ ಮಾರಬಹುದು, ಅಥವಾ ಇರುವುದನ್ನು ಇದ್ದ ಹಾಗೆ ಹೇಳಿ ಮಾರಬಹುದು. ಎರಡಕ್ಕೂ ಗುಜರಿಗಿಂತ ಒಳ್ಳೆಯ ಬೆಲೆ ಸಿಗುತ್ತದೆ.

ಕೆಟ್ಟಿರುವುದು ಸಾಫ್ಟ್‌ವೇರೇ ಹೌದೇ?

ಇದಕ್ಕೆ ಲೈವ್ ಪೆನ್‌ಡ್ರೈವ್‌ಗಿಂತ, ಅಂದರೆ ಡಿಸ್ಕಿನ ವಿಂಡೋಸ್ ಬಿಟ್ಟು ಪೆನ್‌ಡ್ರೈವಿನಿಂದಲೇ ಯಂತ್ರ ಓಡಿಸಿ ನೋಡುವುದಕ್ಕಿಂತ, ಒಳ್ಳೆಯ ಪರೀಕ್ಷೆ ಇಲ್ಲ. ಬೇರೆ ಕಂಪ್ಯೂಟರಿನಲ್ಲಿ ವಿಂಡೋಸಿನ ಹಾಗೆಯೇ ಯಂತ್ರ ಓಡಿಸುವ ಉಚಿತ ತಂತ್ರಾಂಶ ಉಬುಂಟುವಿನ ಐಎಸ್‌ಓ ಕಡತ ಇಳಿಸಿಕೊಂಡು, ರೂಫಸ್ ತಂತ್ರಾಂಶದಿಂದ 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲೇ ತೆಗೆದಿಡಿ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಆನ್ ಮಾಡುವಾಗ ಬೂಟ್ ಮೆನು ಕೀಲಿ ಒತ್ತಬೇಕು: ಡೆಲ್ ಮತ್ತು ಥಿಂಕ್‌ಪ್ಯಾಡ್‌ಗೆ ಎಫ್12, ಎಚ್‌ಪಿಗೆ ಎಫ್9, ಏಸಸ್‌ಗೆ ಎಸ್ಕೇಪ್. ಏಸರ್‌ನಲ್ಲೂ ಎಫ್12 ಇದೆ, ಆದರೆ ಕೆಲವು ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಬಯೋಸ್ (ವಿಂಡೋಸಿಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್‌ಗಳು) ಒಳಗೆ ಹೋಗಿ ಎಫ್12 ಮೆನುವನ್ನು ಚಾಲೂ ಮಾಡಬೇಕಾಗುತ್ತದೆ. ಹಲವು ಲೆನೊವೊ ಐಡಿಯಾಪ್ಯಾಡ್‌ಗಳಲ್ಲಿ ಈ ಮೆನು ತೆರೆಯಲು ಪಕ್ಕದಲ್ಲಿ ಪಿನ್ ಚುಚ್ಚಿ ಒತ್ತುವ ನೋವೋ ಬಟನ್ ಇರುತ್ತದೆ.

ಬಂದ ಪರದೆಯಲ್ಲಿ "ಟ್ರೈ ಉಬುಂಟು" ಆಯ್ಕೆ ಮಾಡಿ. ಇನ್‌ಸ್ಟಾಲ್ ಮಾಡಬೇಡಿ. ನಲವತ್ತು ನಿಮಿಷ ಬಳಸಿ ನೋಡಿ: ವೈಫೈಗೆ ಸೇರಿಸಿ ವಿಡಿಯೋ ಓಡಿಸಿ, ಸ್ಪೀಕರ್ ಕೇಳಿ, ಕ್ಯಾಮೆರಾ ತೆರೆಯಿರಿ, ಕೀಬೋರ್ಡಿನ ಪ್ರತಿ ಕೀಲಿಯನ್ನೂ ಒತ್ತಿ. ಇಷ್ಟೂ ಹೊತ್ತು ನಿಲ್ಲದೆ ಓಡಿದರೆ ಬೋರ್ಡ್, ರ‍್ಯಾಮ್, ಪರದೆ ಬಹುತೇಕ ಸರಿ ಇವೆ ಎಂದರ್ಥ. ಇಲ್ಲಿಯೂ ಸ್ಥಗಿತವಾದರೆ ಅಥವಾ ಹತ್ತು ನಿಮಿಷಕ್ಕೆ ಬಿಸಿಯಾಗಿ ಆರಿಹೋದರೆ ತೊಂದರೆ ವಿಂಡೋಸಿನದ್ದಲ್ಲ. ಫ್ಯಾನಿನ ದೂಳು, ಒಣಗಿದ ಥರ್ಮಲ್ ಪೇಸ್ಟ್, ರ‍್ಯಾಮ್ ಇವುಗಳ ಕಡೆ ನೋಡಬೇಕು.

ಈ ಪರೀಕ್ಷೆಯ ಕುರುಡು ಜಾಗವೊಂದಿದೆ. ಲೈವ್ ಉಬುಂಟು ನಿಮ್ಮ ಹಾರ್ಡ್‌ಡಿಸ್ಕನ್ನು ಬಳಸುವುದೇ ಇಲ್ಲ, ಆದ್ದರಿಂದ ಡಿಸ್ಕ್ ಸಾಯುತ್ತಿದ್ದರೂ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಅದರಲ್ಲೇ ಇರುವ "ಡಿಸ್ಕ್ಸ್" ಆ್ಯಪ್ ತೆರೆದು ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ನೋಡಿ. ವಿಂಡೋಸ್ ತೆರೆಯುತ್ತಿದ್ದರೆ ಅದೇ ಮಾಹಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಸಾಕು. ರೀಅಲೊಕೇಟೆಡ್ ಸೆಕ್ಟರ್ ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬ ಸಾಲುಗಳ ಮೂಲ ಎಣಿಕೆ (ಡಿಸ್ಕಿನಲ್ಲಿ ಕೆಟ್ಟ, ಕೆಡುತ್ತಿರುವ ಜಾಗಗಳ ಲೆಕ್ಕ) ಸೊನ್ನೆ ಇರಬೇಕು. ಪೆಂಡಿಂಗ್ ಸೆಕ್ಟರ್ ಏರುತ್ತಿದ್ದರೆ ವಿಂಡೋಸನ್ನು ಎಷ್ಟು ಸಲ ಹೊಸದಾಗಿ ಹಾಕಿದರೂ ಮತ್ತೆ ಕೆಡುವ ಸಾಧ್ಯತೆಯೇ ಹೆಚ್ಚು. ಖರೀದಿದಾರ ನಿಮ್ಮ ಬಾಗಿಲಿಗೆ ವಾಪಸ್ ಬರುವುದು ಇಂಥ ಯಂತ್ರಗಳಿಂದಲೇ.

ಸಾಫ್ಟ್‌ವೇರಿನ ವೇಷ ಹಾಕಿದ ಇನ್ನೂ ಕೆಲವು ತೊಂದರೆಗಳಿವೆ. ಪ್ರತಿ ಸಲ ಆನ್ ಮಾಡಿದಾಗ ತಾರೀಖು ಹಿಂದಕ್ಕೆ ಹೋಗಿ, ಯಾವ ವೆಬ್‌ಸೈಟ್ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂದರೆ ಅದು ವೈರಸ್ ಅಲ್ಲ, ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ (ಸಾಮಾನ್ಯವಾಗಿ ಸಿಆರ್2032) ಸತ್ತಿರಬಹುದು. ವೈಫೈ ಗುರುತೇ ಮಾಯವಾಗಿದ್ದರೆ ಚಾರ್ಜರ್ ಕಿತ್ತು, ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದು ಮತ್ತೆ ಆನ್ ಮಾಡಿ. ಎಷ್ಟೋ ಸಲ ಕಾರ್ಡ್ ಮರಳಿ ಬರುತ್ತದೆ. ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ಸದಾ ಡಿಸ್ಕ್ 100 ಶೇಕಡಾ ತೋರಿಸುತ್ತಿದ್ದರೆ ಫಾರ್ಮ್ಯಾಟ್ ಮಾಡಿ ಹೆಚ್ಚಿನ ಪ್ರಯೋಜನವಿಲ್ಲ, ತಿರುಗುವ ಭಾಗವೇ ಇಲ್ಲದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಹಾಕಿದರೆ ಮಾತ್ರ ವೇಗ ಬರುತ್ತದೆ. ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗಿದ್ದರೆ, ಅಥವಾ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಾಗ ಅಲ್ಲಾಡಿದರೆ ಬ್ಯಾಟರಿ ಉಬ್ಬಿದೆಯೇ ನೋಡಿ. ಉಬ್ಬಿದ ಬ್ಯಾಟರಿ ಬೆಂಕಿ ಹತ್ತಬಹುದಾದ ವಸ್ತು. ಅದನ್ನು ತೆಗೆಸದೆ ಯಾರಿಗೂ ಮಾರಬೇಡಿ, ಕೊರಿಯರ್‌ನಲ್ಲಂತೂ ಕಳಿಸಲೇಬೇಡಿ.

ಅಳಿಸುವ ಮೊದಲು ತೆಗೆದಿಡಬೇಕಾದ್ದು

ವಿಂಡೋಸ್ ತೆರೆಯದಿದ್ದರೂ ಅದೇ ಲೈವ್ ಉಬುಂಟುವಿನಿಂದ ನಿಮ್ಮ ಸಿ ಡ್ರೈವ್ ತೆರೆದು ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಬಹುದು. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಡಿವೈಸಸ್ ಪುಟದಲ್ಲಿ ಹುಡುಕಿ. ನೀವು ಬಿಟ್‌ಲಾಕರ್ ಹಾಕಿದ ನೆನಪೇ ಇಲ್ಲದಿದ್ದರೂ, ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನೇ ಚಾಲೂ ಆಗಿರುತ್ತದೆ. ಕೀ ಕೈಗೆ ಸಿಗುವವರೆಗೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಎಂಬ ಸೆಟ್ಟಿಂಗ್ ಮುಟ್ಟಬೇಡಿ.

ಫೋಟೋ, ಡಾಕ್ಯುಮೆಂಟ್, ಡೆಸ್ಕ್‌ಟಾಪ್, ಡೌನ್‌ಲೋಡ್ ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವುದು ಬೇರೆಯವು. ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ, ಯೂನಿಕೋಡ್ ಅಲ್ಲದ ಹಳೆಯ ಕಡತಗಳಿದ್ದರೆ ಅವುಗಳ ಜತೆಗೆ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್‌ಗಳನ್ನೂ ನಕಲು ಮಾಡಿಕೊಳ್ಳಿ. ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅಜ್ಜನ ಆಸ್ತಿ ಪತ್ರದ ಕರಡು ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಟ್ಯಾಲಿ ಬಳಸುವವರು ಡೇಟಾ ಫೋಲ್ಡರ್ ತೆಗೆದಿಡುವುದಷ್ಟೇ ಸಾಲದು, ವಿಂಡೋಸ್ ತೆರೆಯುತ್ತಿರುವಾಗಲೇ ಲೈಸೆನ್ಸ್ ಸರೆಂಡರ್ ಮಾಡಬೇಕು. ಇಲ್ಲದಿದ್ದರೆ ಲೈಸೆನ್ಸ್ ಹಳೆಯ ಯಂತ್ರಕ್ಕೇ ಅಂಟಿಕೊಂಡು ಹೊಸದರಲ್ಲಿ ತಕರಾರು ಮಾಡುತ್ತದೆ. ಆಫೀಸ್, ಅಡೋಬಿಗಳಿಂದಲೂ ಸೈನ್ ಔಟ್ ಆಗಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಖಾತೆಗೆ ಸಿಂಕ್ ಆಗಿವೆಯೇ ಎಂದು ಮೊಬೈಲಿನಲ್ಲಿ ತೆರೆದು ಖಚಿತಪಡಿಸಿಕೊಳ್ಳಿ.

ಅಳಿಸಿ ಹೊಸದಾಗಿ ಹಾಕುವುದು

ಫೈಲ್ ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಏನೂ ಅಳಿಸಿದಂತಲ್ಲ. ಬಿಟ್‌ಲಾಕರ್ ಚಾಲೂ ಇದ್ದ ಡಿಸ್ಕಾದರೆ ಎಲ್ಲ ಪಾರ್ಟಿಷನ್ (ಡಿಸ್ಕಿನ ಭಾಗಗಳು) ತೆಗೆದು ವಿಂಡೋಸ್ ಹಾಕಿದರೆ ಸಾಕು, ಕೀ ಇಲ್ಲದೆ ಹಳೆಯ ದತ್ತಾಂಶ ಯಾರಿಗೂ ಅರ್ಥವಾಗದು. ಆದ್ದರಿಂದ ಅಳಿಸುವ ಮೊದಲು ಬಿಟ್‌ಲಾಕರನ್ನು ಆಫ್ ಮಾಡಬೇಡಿ. ಬಿಟ್‌ಲಾಕರ್ ಇಲ್ಲದ ಡಿಸ್ಕಾದರೆ "ರೀಸೆಟ್ ದಿಸ್ ಪಿಸಿ" ಒಳಗೆ "ರಿಮೂವ್ ಎವೆರಿಥಿಂಗ್" ಆರಿಸಿ, ಡ್ರೈವನ್ನು ಪೂರ್ತಿ ಸ್ವಚ್ಛಗೊಳಿಸುವ ಆಯ್ಕೆಯನ್ನೂ ಚಾಲೂ ಮಾಡಿ. ವಿಂಡೋಸ್ ತೆರೆಯದಿದ್ದರೆ, ಲೋಗೋ ಬಂದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಕವರಿ ಪರದೆ ತಾನೇ ಬರುತ್ತದೆ.

ರೀಸೆಟ್ ಅರ್ಧಕ್ಕೆ ಸೋಲುವುದು ಸಾಮಾನ್ಯ, ಏಕೆಂದರೆ ಅದು ಕೆಟ್ಟ ವಿಂಡೋಸಿನ ಫೈಲುಗಳನ್ನೇ ನೆಚ್ಚಿಕೊಳ್ಳುತ್ತದೆ. ಆಗ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಪೆನ್‌ಡ್ರೈವ್ ತಯಾರಿಸಿ ಅದರಿಂದ ಬೂಟ್ ಮಾಡಿ. ತಿರುಗುವ ಹಾರ್ಡ್‌ಡಿಸ್ಕಾದರೆ ಸೆಟಪ್ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿ, ಡಿಸ್ಕ್‌ಪಾರ್ಟ್ ತೆರೆದು, ಲಿಸ್ಟ್ ಡಿಸ್ಕ್ ಕೊಟ್ಟು ಗಾತ್ರ ನೋಡಿ ಸರಿಯಾದ ಡಿಸ್ಕನ್ನು ಸೆಲೆಕ್ಟ್ ಮಾಡಿ, ಕ್ಲೀನ್ ಆಲ್ ಎಂಬ ಆದೇಶ ಕೊಡಿ. ಪ್ರತಿ ಸೆಕ್ಟರಿಗೂ ಸೊನ್ನೆ ಬರೆಯುವುದರಿಂದ 1 ಟಿಬಿ ಡಿಸ್ಕಿಗೆ ಹಲವು ಗಂಟೆ ಹಿಡಿಯುತ್ತದೆ. ರಾತ್ರಿ ಮಲಗುವಾಗ ಶುರು ಮಾಡಿ. ಹೊರಗಿನ ಬ್ಯಾಕಪ್ ಡಿಸ್ಕನ್ನು ಮೊದಲೇ ಕಿತ್ತಿಡಿ, ಒಂದು ಅಂಕಿ ತಪ್ಪಿದರೆ ಅದೂ ಹೋಗುತ್ತದೆ. ಎಸ್‌ಎಸ್‌ಡಿಗೆ ಈ ವಿಧಾನ ಬೇಡ. ಬಯೋಸ್‌ನಲ್ಲಿ ಸೆಕ್ಯೂರ್ ಇರೇಸ್ ಅಥವಾ ಡೇಟಾ ವೈಪ್ ಇದ್ದರೆ ಅದನ್ನೇ ಬಳಸಿ.

ಇನ್‌ಸ್ಟಾಲ್ ಮಾಡುವಾಗ ಜನ ಎಡವುವುದು ಎರಡು ಕಡೆ. ಇಂಟೆಲ್ 11ನೇ ತಲೆಮಾರು ಮತ್ತು ಅನಂತರದ ಯಂತ್ರಗಳಲ್ಲಿ ಎಷ್ಟೋ ಸಲ ಸೆಟಪ್ ಡಿಸ್ಕನ್ನೇ ತೋರಿಸುವುದಿಲ್ಲ. ಎಸ್‌ಎಸ್‌ಡಿ ಸತ್ತಿದೆ ಎಂದು ಗಾಬರಿಯಾಗಬೇಡಿ. ಡಿಸ್ಕನ್ನು ನಿಭಾಯಿಸುವ ಇಂಟೆಲ್ ವಿಎಂಡಿ ಎಂಬ ವ್ಯವಸ್ಥೆ ಚಾಲೂ ಇರುವುದೇ ಸಾಮಾನ್ಯ ಕಾರಣ. ತಯಾರಕರ ತಾಣದಿಂದ ನಿಮ್ಮ ಮಾದರಿಯ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ ಪೆನ್‌ಡ್ರೈವಿಗೆ ಹಾಕಿ "ಲೋಡ್ ಡ್ರೈವರ್" ಒತ್ತಿದರೆ ಡಿಸ್ಕ್ ಕಾಣುತ್ತದೆ. ಎರಡನೆಯದು ಲೈಸೆನ್ಸ್. ವಿಂಡೋಸ್ ಸಮೇತ ಬಂದ, ವಿಂಡೋಸ್ 8ರ ಕಾಲದಿಂದೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀ ಮದರ್‌ಬೋರ್ಡಿನೊಳಗೇ ಇರುತ್ತದೆ. ಕೇಳಿದರೆ "ಪ್ರಾಡಕ್ಟ್ ಕೀ ಇಲ್ಲ" ಎಂದು ಮುಂದೆ ಹೋಗಿ, ಆದರೆ ಹೋಮ್ ಇದ್ದ ಯಂತ್ರಕ್ಕೆ ಹೋಮನ್ನೇ ಹಾಕಿ. ಪ್ರೊ ಹಾಕಿದರೆ ಆ್ಯಕ್ಟಿವೇಟ್ ಆಗುವುದಿಲ್ಲ. ಕಳ್ಳ ಆ್ಯಕ್ಟಿವೇಟರ್ ಹಾಕಿ ಮಾರುವುದು ಖರೀದಿದಾರನಿಗೆ ಮಾಲ್‌ವೇರ್ ಉಡುಗೊರೆ ಕೊಟ್ಟಂತೆ, ಅದನ್ನು ಮಾಡಲೇಬೇಡಿ.

ದೇಶ ಕೇಳುವ ಮೊದಲ ಪರದೆ ಬಂದಾಗ ನಿಮ್ಮ ಖಾತೆಯಿಂದ ಒಳಹೋಗಬೇಡಿ. ಕಂಟ್ರೋಲ್, ಶಿಫ್ಟ್, ಎಫ್3 ಒಟ್ಟಿಗೆ ಒತ್ತಿದರೆ ಖಾತೆಯೇ ಇಲ್ಲದೆ ಯಂತ್ರವನ್ನು ಸಿದ್ಧಪಡಿಸುವ ಆಡಿಟ್ ಮೋಡ್ ತೆರೆಯುತ್ತದೆ. ಅಲ್ಲಿ ವಿಂಡೋಸ್ ಅಪ್‌ಡೇಟ್ ಓಡಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಉಳಿಯದಂತೆ ಡ್ರೈವರ್‌ಗಳನ್ನು ಹಾಕಿ, ಆ್ಯಕ್ಟಿವೇಷನ್ ನೋಡಿ. ಮುಗಿದ ಮೇಲೆ ತೆರೆದೇ ಇರುವ ಸಿಸ್‌ಪ್ರೆಪ್ ಕಿಟಕಿಯಲ್ಲಿ ಔಟ್ ಆಫ್ ಬಾಕ್ಸ್ ಎಕ್ಸ್‌ಪೀರಿಯನ್ಸ್ ಮತ್ತು ಶಟ್‌ಡೌನ್ ಆರಿಸಿ. ಜನರಲೈಸ್ ಗುರುತು ಹಾಕಬೇಡಿ, ಹಾಕಿದರೆ ಈಗಷ್ಟೇ ಕೂರಿಸಿದ ಡ್ರೈವರ್‌ಗಳು ಹೋಗಬಹುದು. ಮುಂದಿನ ಸಲ ಆನ್ ಮಾಡಿದವರಿಗೆ ಯಂತ್ರ ಹೊಸದರಂತೆ ಸ್ವಾಗತ ಹೇಳುತ್ತದೆ.

ಈ ಶುರುವಿನ ಪರದೆಗಳಲ್ಲಿ ಯಾವುದಾದರೂ ಕಂಪನಿಯ ಹೆಸರು ಬಂದು ಆಫೀಸಿನ ಇಮೇಲ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕಂಪನಿಗಳು ತಮ್ಮ ಯಂತ್ರಗಳನ್ನು ಹಿಡಿತದಲ್ಲಿಟ್ಟುಕೊಳ್ಳಲು ಬಳಸುವ ಮೈಕ್ರೋಸಾಫ್ಟ್‌ನ ಆಟೋಪೈಲಟ್‌ನಲ್ಲಿ ಯಂತ್ರ ನೋಂದಾಯಿತವಾಗಿದೆ. ನೂರು ಸಲ ಫಾರ್ಮ್ಯಾಟ್ ಮಾಡಿದರೂ ಅದು ಮರಳಿ ಬರುತ್ತದೆ, ತೆಗೆಯಬಲ್ಲವರು ಆ ಕಂಪನಿಯ ಐಟಿ ವಿಭಾಗದವರು. ಅವರು ಬಿಡುಗಡೆ ಮಾಡುವವರೆಗೆ ಅದು ಮಾರುವ ವಸ್ತುವಲ್ಲ. ಬಯೋಸ್ ಪಾಸ್‌ವರ್ಡ್ ಇದ್ದರೆ ತೆಗೆದೇ ಕೊಡಿ.

ವಿಂಡೋಸ್ 11 ಹಿಡಿಸದ ಯಂತ್ರ

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಲ್ಯಾಪ್‌ಟಾಪಿನ ಪ್ರೊಸೆಸರ್ ಬಹುತೇಕ ಇಂಟೆಲ್ 8ನೇ ತಲೆಮಾರು, ಎಎಂಡಿಯಾದರೆ ರೈಜನ್ 3000 ಸರಣಿ, ಅಥವಾ ಅದಕ್ಕಿಂತ ಹೊಸದಿರಬೇಕು. ಐ5-7200ಯು ಎಂದರೆ 7ನೆಯದು, ಐ5-8250ಯು ಎಂದರೆ 8ನೆಯದು. ಒಂದೇ ಅಂಕಿಯ ವ್ಯತ್ಯಾಸ, ಆದರೆ ಬೆಲೆಯಲ್ಲಿ ದೊಡ್ಡ ಅಂತರ. ನಿಯಮ ತಪ್ಪಿಸಿ 11 ಹಾಕಿಕೊಡುವುದಕ್ಕಿಂತ ಉಬುಂಟುವಿನಂಥದೇ ಉಚಿತ ಲಿನಕ್ಸ್ ಮಿಂಟ್ ಹಾಕಿ ಹಾಗೆಂದೇ ಹೇಳಿ ಮಾರುವುದು ಮೇಲು. ಮಿಂಟ್ ಪೆನ್‌ಡ್ರೈವಿನ ಬೂಟ್ ಮೆನುವಿನಲ್ಲಿ ಓಇಎಂ ಇನ್‌ಸ್ಟಾಲ್ ಇದೆ, ಖರೀದಿದಾರ ತನ್ನ ಹೆಸರಲ್ಲೇ ಶುರು ಮಾಡಬಹುದು.

ಬೆಲೆ ಮತ್ತು ಜಾಹೀರಾತು

ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ನಿಮ್ಮದೇ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಇರುವ ಹತ್ತು ಜಾಹೀರಾತು ನೋಡಿ. ಅವು ಕೇಳುವ ಬೆಲೆ, ಸಿಗುವ ಬೆಲೆಯಲ್ಲ. ಅವುಗಳಲ್ಲಿ ಅತಿ ಕಡಿಮೆ ಬೆಲೆಯ ಮೂರರ ಸರಾಸರಿ ಹಿಡಿಯಿರಿ. ಸರಿಮಾಡದೆ ಮಾರುವುದಾದರೆ ಅಂಗಡಿಯಲ್ಲಿ ರಿಪೇರಿ ಖರ್ಚು ಕೇಳಿ ಅಷ್ಟನ್ನು ಮತ್ತು ಖರೀದಿದಾರನ ಓಡಾಟಕ್ಕೆಂದು ಸ್ವಲ್ಪ ಕಳೆಯಿರಿ. ಲೈವ್ ಉಬುಂಟು ಓಡುತ್ತಿರುವ ಪರದೆ ಮತ್ತು ಸ್ಮಾರ್ಟ್ ಮಾಹಿತಿಯ ಫೋಟೋ ಹಾಕಿದರೆ "ಬೋರ್ಡ್ ಹೋಗಿದೆ" ಎಂಬ ಚೌಕಾಸಿಗೆ ದಾರಿಯೇ ಇರುವುದಿಲ್ಲ. ಸೀರಿಯಲ್ ನಂಬರ್ ಮತ್ತು ಬಿಲ್ಲಿನ ವಿಳಾಸ ಫೋಟೋದಲ್ಲಿ ಕಾಣದಿರಲಿ.

ಬ್ಯಾಟರಿಗೆ "ಚೆನ್ನಾಗಿದೆ" ಎಂದು ಬರೆಯಬೇಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ವರದಿ ಸಿಗುತ್ತದೆ. ಡಿಸೈನ್ ಕೆಪ್ಯಾಸಿಟಿ 41,000, ಫುಲ್ ಚಾರ್ಜ್ ಕೆಪ್ಯಾಸಿಟಿ 29,500 ಇದ್ದರೆ ಉಳಿದಿರುವುದು 72 ಶೇಕಡಾ. ಅದನ್ನೇ ಬರೆಯಿರಿ. ದೋಷವನ್ನೂ ಹೀಗೆಯೇ ಹೇಳಬೇಕು: "ಸ್ಲೀಪ್‌ನಿಂದ ಎದ್ದಾಗ ಕೆಲವೊಮ್ಮೆ ವೈಫೈ ಬರುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಬರುತ್ತದೆ. ವಿಂಡೋಸ್ ಹೊಸದಾಗಿ ಹಾಕಿದರೂ ಹೋಗಿಲ್ಲ." "ಸಣ್ಣ ಸಾಫ್ಟ್‌ವೇರ್ ಸಮಸ್ಯೆ" ಎಂಬ ಸಾಲು ಓದಿದವರು ಹತ್ತು ಪಟ್ಟು ದೊಡ್ಡದನ್ನು ಊಹಿಸುತ್ತಾರೆ.

ಕೈಗೊಪ್ಪಿಸುವ ದಿನ

ವಿದ್ಯುತ್ ಪ್ಲಗ್ ಮತ್ತು ವೈಫೈ ಇರುವ ಹೋಟೆಲೋ ಪರಿಚಿತರ ಅಂಗಡಿಯೋ ಒಳ್ಳೆಯ ಜಾಗ. ಅರ್ಧ ಗಂಟೆ ಅವರೇ ಬಳಸಿ ನೋಡಲಿ. ಯುಪಿಐನಲ್ಲಿ ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಹಾಕಿ ಎಂದವರು ನಿಮ್ಮ ಹಣ ಎಳೆಯಲು ನೋಡುತ್ತಿದ್ದಾರೆ. ಸೇನೆಯಲ್ಲಿದ್ದೇನೆ, ನೋಡದೆಯೇ ಕೊಳ್ಳುತ್ತೇನೆ ಎಂಬ ಕರೆಗಳು ಈ ಜಾತಿಯವು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತಿನಂತೆ, ಅವರ ಸ್ಕ್ರೀನ್‌ಶಾಟ್ ಬಿಟ್ಟು ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಜಮೆ ನೋಡಿದ ಮೇಲೆ ಯಂತ್ರ ಕೊಡಿ.

ಬಿಳಿ ಹಾಳೆಯಲ್ಲಿ ಎರಡು ಪ್ರತಿ ಬರೆಯಿರಿ: ತಾರೀಖು, ಮಾದರಿ, ಸೀರಿಯಲ್ ನಂಬರ್, ಬೆಲೆ, ತಿಳಿಸಿದ ದೋಷಗಳು, ಇಬ್ಬರ ಸಹಿ. ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಾಕು. ಸಂಜೆ ಮನೆಗೆ ಬಂದು ಮೈಕ್ರೋಸಾಫ್ಟ್ ಖಾತೆಯ ಡಿವೈಸಸ್ ಪುಟದಿಂದ ಆ ಲ್ಯಾಪ್‌ಟಾಪನ್ನು ತೆಗೆದುಹಾಕಿ, ಗೂಗಲ್ ಖಾತೆಯಲ್ಲಿ "ಯುವರ್ ಡಿವೈಸಸ್" ತೆರೆದು ಅದರ ಹೆಸರಿನ ಎದುರು ಸೈನ್ ಔಟ್ ಒತ್ತಿ.