ಮೊದಲ ಕೆಟಲ್‌ಬೆಲ್: ಎಷ್ಟು ಕೆಜಿಯದ್ದು ತಗೋಬೇಕು?

ಕೆಟಲ್‌ಬೆಲ್ ಅಂದರೆ ಮೇಲೆ ಹಿಡಿಕೆ ಇರುವ ಕಬ್ಬಿಣದ ಗುಂಡು. ಉತ್ತರ ಮೊದಲೇ ಹೇಳಿಬಿಡ್ತೀನಿ. ಆರೋಗ್ಯವಾಗಿದ್ದು, ವ್ಯಾಯಾಮ ಮಾತ್ರ ಹೊಸದು ಅನ್ನುವ ಗಂಡಸರಿಗೆ ಸಾಮಾನ್ಯವಾಗಿ 16 ಕೆಜಿ. ತುಂಬಾ ದಿನ ಕೂತೇ ಕೆಲಸ ಮಾಡಿದವರಾದರೆ 12. ಹೆಂಗಸರಿಗೆ 8, ಮೈ ಬಗ್ಗಿಸಿ ಕೆಲಸ ಮಾಡಿ ಅಭ್ಯಾಸ ಇದ್ದರೆ 12. ಅರವತ್ತು ದಾಟಿದವರು ಇದಕ್ಕಿಂತ ಒಂದು ಹಂತ ಹಗುರದ್ದರಿಂದ ಶುರು ಮಾಡಲಿ. ಬೆನ್ನು ನೋವು, ಬಿ.ಪಿ., ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಲೇಬೇಕು.

ಇಷ್ಟು ಗೊತ್ತಾದರೆ ಸಾಕು ಅಂತ ಆರ್ಡರ್ ಮಾಡಬೇಡಿ. ಈ ಅಂಕಿ ನಿಮಗೆ ಹೊಂದುತ್ತಾ ಇಲ್ವಾ ಅನ್ನುವುದು ನೀವು ಅದರಲ್ಲಿ ಏನು ಮಾಡಬೇಕು ಅಂದುಕೊಂಡಿದ್ದೀರಿ ಅನ್ನುವುದರ ಮೇಲಿದೆ.

ಕೊಡಗಿನಲ್ಲಿ ಹೆಚ್ಚಿನವರು ಕೆಟಲ್‌ಬೆಲ್ ವಿಚಾರಿಸುವುದು ಜೂನ್ ಹತ್ತಿರ ಬಂದಾಗ. ಮಳೆ ಹಿಡಿಯಿತು ಅಂದರೆ ಸೆಪ್ಟೆಂಬರ್‌ವರೆಗೆ ಬೆಳಗಿನ ವಾಕಿಂಗ್ ಇಲ್ಲ, ಮೈದಾನ ಇಲ್ಲ, ಮಡಿಕೇರಿ ಪೇಟೆಯ ಜಿಮ್‌ಗೆ ಹೋಗೋಣ ಅಂದರೆ ತೋಟದ ಮನೆಯಿಂದ ಆ ಗಾಳಿಮಳೆಯಲ್ಲಿ ಗಾಡಿ ತೆಗೆಯುವ ಮನಸ್ಸೇ ಬರುವುದಿಲ್ಲ. ಜಗಲಿಯ ಒಂದು ಮೂಲೆ, ಒಂದು ಕಬ್ಬಿಣದ ಗುಂಡು, ದಿನಕ್ಕೆ ಇಪ್ಪತ್ತು ನಿಮಿಷ ಇದ್ದರೆ ಮಳೆಗಾಲ ಪೂರ್ತಿ ವ್ಯಾಯಾಮ ನಿಲ್ಲುವುದಿಲ್ಲ.

ಕೆಟಲ್‌ಬೆಲ್‌ನ ಮುಖ್ಯ ವ್ಯಾಯಾಮ ಸ್ವಿಂಗ್, ಅಂದರೆ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಕಾಲುಗಳ ಮಧ್ಯದಿಂದ ಎದೆಯ ಮಟ್ಟಕ್ಕೆ ಬೀಸುವುದು. ನೋಡುವವರಿಗೆ ಕೈಯಲ್ಲಿ ಎತ್ತಿದ ಹಾಗೆ ಕಾಣುತ್ತದೆ, ಆದರೆ ಗುಂಡು ಮೇಲೆ ಬರುವುದು ಸೊಂಟದ ತಳ್ಳುವಿಕೆಯಿಂದ. ಸೊಂಟ ಹಿಂದೆ ಹೋಗಬೇಕು, ಬೆನ್ನು ನೇರ ಇರಬೇಕು, ಆಮೇಲೆ ತೊಡೆಯ ಹಿಂಭಾಗ ಮತ್ತು ಕುಂಡಿಯ ಸ್ನಾಯು ಒಟ್ಟಿಗೆ ಬಿಗಿಯಾಗಿ ಗುಂಡನ್ನು ಮುಂದಕ್ಕೆ ಚಿಮ್ಮಿಸಬೇಕು. ಕೈ ಬರೀ ಹಗ್ಗ. ತೊಡೆ, ಕುಂಡಿಯವು ಮೈಯಲ್ಲೇ ದೊಡ್ಡ ಸ್ನಾಯುಗಳು, ಅವಕ್ಕೆ 4 ಕೆಜಿ ಏನೂ ಅಲ್ಲ. ಗುಂಡು ತೀರಾ ಹಗುರ ಇದ್ದರೆ ಭುಜವೇ ಅದನ್ನು ಎತ್ತಿಬಿಡುತ್ತದೆ, ಸೊಂಟ ಕೆಲಸ ಕಲಿಯುವುದೇ ಇಲ್ಲ. ಹಾಗಾಗಿ ಭಾರ ಜಾಸ್ತಿಯಾದರೆ ಮಾತ್ರ ತಪ್ಪು ಅಂತಲ್ಲ, ಕಡಿಮೆಯಾದರೂ ತಪ್ಪೇ.

ಇದನ್ನು ಅಂಗಡಿಯಲ್ಲೇ ನೋಡಬಹುದು. ನೇರ ನಿಂತು ಎರಡೂ ಕೈಯಲ್ಲಿ ಹಿಡಿಕೆ ಹಿಡಿಯಿರಿ. ಮೊಣಕೈ ಮಡಿಸದೆ, ಮೈ ಅಲುಗಿಸದೆ, ನಿಧಾನಕ್ಕೆ ಎದೆಯ ಮಟ್ಟಕ್ಕೆ ಎತ್ತಲು ನೋಡಿ. ಸುಲಭವಾಗಿ ಬಂತಾ? ಸ್ವಿಂಗ್‌ಗೆ ಅದು ಹಗುರ. ಭುಜ ಒಪ್ಪದಿದ್ದರೆ, ಆದರೆ ನೆಲದಿಂದ ಬೆನ್ನು ನೇರ ಇಟ್ಟು ಹತ್ತು ಸಲ ಆರಾಮಾಗಿ ಎತ್ತಿ ಇಳಿಸಲು ಆಗುತ್ತಿದ್ದರೆ ಅದು ನಿಮ್ಮದು. ಎತ್ತುವಾಗ ಬೆನ್ನು ಬಾಗುತ್ತಿದ್ದರೆ, ಹಿಮ್ಮಡಿ ಏಳುತ್ತಿದ್ದರೆ ಒಂದು ಹಂತ ಕೆಳಗೆ ಬನ್ನಿ.

ಇನ್ನೊಂದು ಪ್ರೆಸ್, ಅಂದರೆ ಒಂದೇ ಕೈಯಲ್ಲಿ ಭುಜದಿಂದ ತಲೆಯ ಮೇಲಕ್ಕೆ ತಳ್ಳುವುದು. ಇಲ್ಲಿ ಭುಜದ ಸಣ್ಣ ಸ್ನಾಯುಗಳದ್ದೇ ಕೆಲಸ, ಭಾರವೂ ಕಡಿಮೆ ಬೇಕು. ನಿಮ್ಮ ಶಕ್ತಿ ಕಡಿಮೆ ಇರುವ ಕೈಯಲ್ಲಿ, ಹಿಂದಕ್ಕೆ ವಾಲದೆ, ಐದು ಸಲ ಹೋಗಬೇಕು. 16ರಲ್ಲಿ ಸ್ವಿಂಗ್ ಚೆನ್ನಾಗಿ ಮಾಡುವವರಿಗೂ ಅದನ್ನು ಒಂದು ಸಲ ಮೇಲೆ ತಳ್ಳಲು ಆಗದೇ ಇರಬಹುದು. ಅದು ಸಹಜ. ಒಂದೇ ಗುಂಡು ಕೊಳ್ಳುವ ಹಾಗಿದ್ದರೆ ಸ್ವಿಂಗ್‌ಗೆ ತಕ್ಕದ್ದನ್ನೇ ತಗೊಳ್ಳಿ, ಪ್ರೆಸ್ ಆಮೇಲೆ ಬರಲಿ. ನೆಲದಲ್ಲಿ ಮಲಗಿ ಗುಂಡು ಮೇಲೆ ಹಿಡಿದುಕೊಂಡೇ ಎದ್ದು ನಿಲ್ಲುವ ಟರ್ಕಿಶ್ ಗೆಟ್‌ಅಪ್‌ಗೆ ಶುರುವಿಗೆ ಗುಂಡೇ ಬೇಡ. ಮುಷ್ಟಿಯ ಮೇಲೆ ಒಂದು ಶೂ ಇಟ್ಟು, ಬೀಳಿಸದೆ ಎದ್ದು ಕೂತು ಕಲಿಯಿರಿ.

ಹತ್ತಿರದಲ್ಲಿ ಅಂಗಡಿ ಇಲ್ಲ ಅನ್ನುವವರು ಮನೆಯಲ್ಲೇ ಅಂದಾಜು ಮಾಡಬಹುದು. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಗಟ್ಟಿ ಹಿಡಿಯ ಬಕೆಟ್‌ಗೆ ಬಾಟಲಿಯಲ್ಲಿ ಅಳೆದು 8 ಲೀಟರ್, ಆಮೇಲೆ 12 ಲೀಟರ್ ನೀರು ಹಾಕಿ, ಎರಡು ಪಾದದ ಮಧ್ಯೆ ಇಟ್ಟು, ಸೊಂಟ ಹಿಂದೆ ಮಾಡಿ ಎತ್ತಿ ನೋಡಿ. ಬಕೆಟ್ ಬೀಸಬೇಡಿ, ಎತ್ತಿ ಇಳಿಸಿದರೆ ಸಾಕು. ಖಾಲಿ ಗ್ಯಾಸ್ ಸಿಲಿಂಡರ್ ಸಾಮಾನ್ಯವಾಗಿ 15-16 ಕೆಜಿ ಬರುತ್ತದೆ, ಸರಿಯಾದ ತೂಕ ಅದರ ಮೇಲೆಯೇ ಬರೆದಿರುತ್ತದೆ. ತುಂಬಿದ್ದರೆ ಇನ್ನೂ 14.2 ಕೆಜಿ ಸೇರಿಸಿಕೊಳ್ಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೆಂಗಸರು ಕೇಳಿದ ಕೂಡಲೇ ಬಣ್ಣಬಣ್ಣದ 2-3 ಕೆಜಿಯ ಗುಂಡು ತೋರಿಸುವ ಅಂಗಡಿಗಳಿವೆ, ನನಗೆ ಇದು ನಿಜವಾಗಲೂ ಬೇಜಾರಾಗುತ್ತದೆ. ಕಾಫಿ ಕುಯ್ಲಿನ ಹೊತ್ತಿನಲ್ಲಿ ಸಂಜೆ ಹಣ್ಣಿನ ಚೀಲವನ್ನು ತಲೆ ಮೇಲೆ ಹೊತ್ತು ತೂಕದ ಜಾಗಕ್ಕೆ ತರುವವರು, ತುಂಬಿದ ಸಿಲಿಂಡರನ್ನು ಒಬ್ಬರೇ ಅಡುಗೆಮನೆಗೆ ಉರುಳಿಸಿ ತರುವವರು, ಅವರಿಗೆ 2 ಕೆಜಿ ಯಾಕೆ? ಅಕ್ಕಂದಿರೇ, ಅತ್ತೆಯವರೇ, ಧೈರ್ಯವಾಗಿ 8 ಕೇಳಿ, 12 ಹಿಡಿದು ನೋಡಿ.

ಗಂಡಸರಲ್ಲಿ ಉಲ್ಟಾ. 50 ಕೆಜಿ ಮೂಟೆ ಎತ್ತುತ್ತೇನೆ, ನನಗೆ 24 ಕೊಡಿ ಅನ್ನುತ್ತಾರೆ. ಮೂಟೆ ಬೆನ್ನಿಗೆ ಅಂಟಿಕೊಂಡು ಕೂರುತ್ತದೆ. ಗುಂಡು ಮೈಯಿಂದ ದೂರ ಹೋಗಿ ವಾಪಸ್ ಬೀಸಿ ಬರುತ್ತದೆ, ಕೆಳಗೆ ಬರುವಾಗ ಅದರ ಎಳೆತ ತಕ್ಕಡಿಯ ತೂಕಕ್ಕಿಂತ ಜಾಸ್ತಿ. ಶಕ್ತಿ ಇದ್ದವರೂ 16ರಲ್ಲೇ ಕೆಲವು ವಾರ ಅಭ್ಯಾಸ ಮಾಡಿ. ಏಪ್ರಿಲ್-ಮೇ ಹೊತ್ತಿಗೆ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ತಮ್ಮ ಕುಟುಂಬದ ತಂಡದಲ್ಲಿ ಇಳಿಯಬೇಕು ಅನ್ನುವವರಿಗಂತೂ ಇದು ಮುಖ್ಯ. ವರ್ಷವೆಲ್ಲಾ ಓಡದ ಕಾಲು ಒಮ್ಮೆಲೇ ಓಡಿದಾಗ ಮೊದಲು ಹಿಡಿದುಕೊಳ್ಳುವುದು ತೊಡೆಯ ಹಿಂಭಾಗ, ಸ್ವಿಂಗ್ ಗಟ್ಟಿ ಮಾಡುವುದೂ ಅದನ್ನೇ. ಜನವರಿಯಲ್ಲೇ ಶುರು ಮಾಡಿ.

16, 24, 32 ಅನ್ನುವ ಈ ತೂಕಗಳು ಎಲ್ಲಿಂದ ಬಂತು ಅಂದರೆ ರಷ್ಯಾದಿಂದ. ಅಲ್ಲಿನ ಹಳೆಯ ತೂಕ ಪೂಡ್, ಒಂದು ಪೂಡ್ ಅಂದರೆ 16 ಕೆಜಿ ಚಿಲ್ಲರೆ. ಈಗ ಮಧ್ಯೆ 4 ಕೆಜಿಗೊಂದು ಸಿಗುತ್ತದೆ. ಆದರೆ 8ರಿಂದ 12 ಅಂದರೆ ಒಮ್ಮೆಲೇ ಅರ್ಧದಷ್ಟು ಜಾಸ್ತಿ, 16ರಿಂದ 20 ಅಂದರೆ ಕಾಲು ಭಾಗ ಮಾತ್ರ. ಹಾಗಾಗಿ ಹಗುರದಿಂದ ಶುರು ಮಾಡುವವರು ಪ್ರೆಸ್‌ಗೆ 10 ಕೆಜಿಯದ್ದು ಸಿಕ್ಕರೆ ಬಿಡಬೇಡಿ.

ಕೊಳ್ಳುವಾಗ ಹಿಡಿಕೆಯ ಕೆಳಭಾಗದಲ್ಲಿ ಬೆರಳು ಎಳೆದು ನೋಡಿ. ಎರಕದ ಅಂಚು ಚುಚ್ಚಿದರೆ ಅಂಗೈ ಕಿತ್ತುಬರುತ್ತದೆ, ಅದು ಬೇಡ. ಎರಡು ಕೈ ಹಿಡಿಕೆಯಲ್ಲಿ ಕೂರಬೇಕು, ತಳ ಸಮತಟ್ಟಾಗಿರಬೇಕು. ಪ್ಲಾಸ್ಟಿಕ್ ಒಳಗೆ ಸಿಮೆಂಟ್ ತುಂಬಿದ್ದು ಅಗ್ಗ, ಆದರೆ ಅದೇ ತೂಕಕ್ಕೆ ಗಾತ್ರ ದೊಡ್ಡದು, ಮುಂಗೈಗೆ ಬಡಿಯುತ್ತದೆ. ಮೈಸೂರಿಗೆ ಹೇಗೂ ಹೋಗುವುದಿದ್ದರೆ ಕೈಯಲ್ಲಿ ಹಿಡಿದು ನೋಡಿಯೇ ತನ್ನಿ.

ನಮ್ಮ ಮಳೆಗೆ ಎರಕದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪೌಡರ್ ಕೋಟಿಂಗ್, ಅಂದರೆ ಪುಡಿಯಾಗಿ ಹಚ್ಚಿ ಕಾಯಿಸಿದ ಬಣ್ಣದ ಲೇಪನ ಇರುವುದು ಒಳ್ಳೆಯದು. ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಒಳಗಿಡಿ. ಗುಂಡಿನ ಮೈಗೆ ಬೇಕಾದರೆ ಸ್ವಲ್ಪ ಎಣ್ಣೆ ಸವರಿ, ಹಿಡಿಕೆಗೆ ಮಾತ್ರ ಬೇಡ, ಜಾರಿ ಹೋಗುತ್ತದೆ. ಹಳೆಯ ಮನೆಯ ಕೆಂಪು ನೆಲದ ಮೇಲೆ ಹಾಗೇ ಇಡಬೇಡಿ, ದನದ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಒಂದು ತುಂಡು ಹಾಕಿಕೊಳ್ಳಿ.

ಹತ್ತು ಸ್ವಿಂಗ್, ಸ್ವಲ್ಪ ವಿಶ್ರಾಂತಿ, ಮತ್ತೆ ಹತ್ತು, ಹೀಗೆ ಹತ್ತು ಸುತ್ತು ಮುಗಿಸಿ, ಕೊನೆಯ ಸುತ್ತೂ ಮೊದಲಿನಷ್ಟೇ ನೇರವಾಗಿ ಬರುತ್ತಿದ್ದರೆ ಮುಂದಿನ ತೂಕ ತಗೊಳ್ಳಬಹುದು. ಹಳೆಯದನ್ನು ಮಾರಬೇಡಿ. ಪ್ರೆಸ್‌ಗೂ ಗೆಟ್‌ಅಪ್‌ಗೂ ಅದೇ ಬೇಕಾಗುತ್ತದೆ.