ರಿಲೀಫ್ ಕೆಲಸಕ್ಕೆ ಹೊರಡೋರು ಬ್ಯಾಗ್ ಕಟ್ಟೋದು ಹೇಗೆ?

ಭೂಕಂಪನೋ ಪ್ರವಾಹನೋ ಆದಾಗ ಟೀಮ್ ಲೀಡರ್ ಫೋನ್ ಮಾಡಿ "ನಾಲ್ಕು ಗಂಟೇಲಿ ಹೊರಡ್ಬೇಕು" ಅಂತಾರೆ, ಆಮೇಲೆ ಬ್ಯಾಗ್ ತೆಗೆದು ಕೂತ್ರೆ ಕೈಗೆ ಸಿಕ್ಕಿದ್ದೆಲ್ಲಾ ಒಳಗೆ ಹೋಗುತ್ತೆ, ಚಾರ್ಜರ್ ಮಾತ್ರ ಗೋಡೇಲೇ ಉಳ್ಕೊಳ್ಳುತ್ತೆ. ಅದಕ್ಕೆ ಈ ಕೆಲಸ ಏನೂ ಗಲಾಟೆ ಇಲ್ಲದ ಒಂದು ಭಾನುವಾರ ಮಾಡಿ ಮುಗಿಸಿಡಿ.

ಬ್ಯಾಗಿಗೆ ಕೈ ಹಾಕೋ ಮುಂಚೆ ಒಂದು ವಿಷ್ಯ ತಲೇಲಿ ಇರಲಿ. ನೀವು ಹೋಗ್ತಿರೋ ಜಾಗದಲ್ಲಿ ನೀರು, ಔಷಧಿ, ಮಲಗೋಕೆ ಜಾಗ ಅಲ್ಲಿನವರಿಗೇ ಸಾಕಾಗ್ತಿಲ್ಲ, ಅದರಲ್ಲಿ ನಾವು ಪಾಲು ಕೇಳಿದ್ರೆ ಸಹಾಯಕ್ಕೆ ಬಂದೋರೇ ಭಾರ ಆಗ್ಬಿಡ್ತೀವಿ. ವಿಶ್ವಸಂಸ್ಥೆ ಜೊತೆ ಕೆಲಸ ಮಾಡೋ ಇನ್ಸರಾಗ್ ಅನ್ನೋ ಜಾಲ 1991ರಿಂದ ಇದೆ, ಕುಸಿದ ಕಟ್ಟಡದಲ್ಲಿ ಜನರನ್ನ ಹುಡುಕೋ ತಂಡಗಳಿಗೆ ಅದು ನಿಯಮ ಹಾಕುತ್ತೆ. ಅದರ ಪ್ರಕಾರ ಮಧ್ಯಮ ತಂಡ 7 ದಿನ, ದೊಡ್ಡ ತಂಡ 10 ದಿನ ಯಾರ ಮುಂದೆನೂ ಕೈ ಚಾಚದೆ ಕೆಲಸ ಮಾಡ್ಬೇಕು. ನಮ್ಮಂಥ ವಾಲಂಟಿಯರ್‌ಗಳು ಕೊನೇಪಕ್ಷ ಮೊದಲ 3 ದಿನನಾದ್ರೂ ನಮ್ಮದು ನಾವೇ ನೋಡ್ಕೊಳ್ಳೋ ಹಾಗಿರ್ಬೇಕು.

ಮೊದಲು ಸಾಮಾನನ್ನ ಎರಡು ಭಾಗ ಮಾಡಿ. ಒಂದು ದೊಡ್ಡ ಬ್ಯಾಗು, ಅದು ಕ್ಯಾಂಪಲ್ಲಿ ಇರುತ್ತೆ. ಇನ್ನೊಂದು ಬೆನ್ನಿಗೆ ಹಾಕೋ ಚಿಕ್ಕದು, ಅದು ಮಲಗುವಾಗ್ಲೂ ಕೈಗೆ ಸಿಗೋ ಹಾಗಿರ್ಬೇಕು. ದೊಡ್ಡದು ಬೇರೆ ಗಾಡೀಲಿ ಎಲ್ಲಿಗೋ ಹೋಗ್ಬಿಡ್ತು ಅಂದ್ಕೊಳ್ಳಿ (ಹೋಗೇ ಹೋಗುತ್ತೆ), ಚಿಕ್ಕ ಬ್ಯಾಗಲ್ಲಿ ಇರೋದ್ರಲ್ಲೇ ನೀವು 24 ಗಂಟೆ ಕಳೀಬೇಕು. ನೀರು, ತಿನ್ನೋಕೆ ಏನಾದ್ರೂ, ದಿನಾ ತಗೊಳ್ಳೋ ಮಾತ್ರೆ, ಹೆಡ್‌ಲ್ಯಾಂಪ್, ಮಾಸ್ಕ್, ಕೈಗವಸು, ರೇನ್‌ಕೋಟ್, ಒಂದು ಜೊತೆ ಸಾಕ್ಸ್, ಐಡಿ ಕಾರ್ಡ್, ಚಿಲ್ಲರೆ ಸಮೇತ ನಗದು ದುಡ್ಡು. ಕರೆಂಟ್ ಇಲ್ಲದ ಕಡೆ ಕಾರ್ಡೂ ನಡೆಯಲ್ಲ, ಫೋನಲ್ಲಿ ಪೇಮೆಂಟೂ ನಡೆಯಲ್ಲ.

ಈಗ ಕಾಲಿಗೆ ಬರೋಣ, ಯಾಕಂದ್ರೆ ಜನ ಎಲ್ಲಕ್ಕಿಂತ ಕಡಿಮೆ ಯೋಚ್ನೆ ಮಾಡೋದು ಇದರ ಬಗ್ಗೆನೇ. ನಾನು ಮೊದಲನೇ ಸಲ ಹೊಸಾ ಬೂಟ್ ಹಾಕ್ಕೊಂಡು ಹೋಗಿದ್ದೆ, ಎರಡನೇ ದಿನ ಮಧ್ಯಾಹ್ನಕ್ಕೆ ಎರಡೂ ಹಿಮ್ಮಡಿ ಬೊಬ್ಬೆ ಬಂದು ಒಡೆದು, ಉಳಿದ ದಿನ ಪೂರ್ತಿ ಸ್ಟೋರ್ ರೂಮಲ್ಲಿ ಕೂತು ಬಾಕ್ಸ್ ಎಣಿಸಿದ್ದೇ ನನ್ನ ಸಮಾಜಸೇವೆ! ಬೂಟ್ ತಗೊಂಡ್ರೆ ಮನೇಲಿ, ಬೀದೀಲಿ ಎರಡು ಮೂರು ವಾರ ಹಾಕಿ ಪಳಗಿಸಿ. ಕಟ್ಟಡ ಬಿದ್ದಿರೋ ಕಡೆ ಅಂದ್ರೆ ಮೊಳೆ ಚುಚ್ಚದ ದಪ್ಪ ಅಡಿ, ಗಟ್ಟಿ ಮುಂಭಾಗ, ಕಣಕಾಲು ಮುಚ್ಚೋಷ್ಟು ಎತ್ತರ ಇರ್ಬೇಕು, ನೀರು ನಿಂತಿರೋ ಕಡೆ ಗಮ್‌ಬೂಟ್. ಸಾಕ್ಸ್ ಕಾಟನ್ ಬೇಡ, ಒದ್ದೆ ಆದ್ರೆ ಒಣಗೋದೇ ಇಲ್ಲ, ಉಣ್ಣೆದೋ ಸಿಂಥೆಟಿಕ್ಕೋ ನಾಲ್ಕು ಜೊತೆ ಇಟ್ಕೊಳ್ಳಿ. ಪಾದ ದಿನಗಟ್ಟಲೆ ಒದ್ದೇಲೇ ಇದ್ರೆ ಬಿಳಿಚಿಕೊಂಡು ಮರಗಟ್ಟಿ ಆಮೇಲೆ ಚರ್ಮನೇ ಕಿತ್ತು ಬರುತ್ತೆ, ಅದಕ್ಕೆ ರಾತ್ರಿ ಕಾಲು ತೊಳೆದು ಒರೆಸಿ ಗಾಳಿಗೆ ಬಿಟ್ಟು ಒಣ ಸಾಕ್ಸ್ ಹಾಕ್ಕೊಂಡು ಮಲಗಿ. ಆ ಮಲಗೋ ಸಾಕ್ಸ್ ಬೇರೆ ಕವರಲ್ಲಿ ಇರಲಿ, ಹಗಲು ಏನೇ ಆದ್ರೂ ಮುಟ್ಟಬೇಡಿ. ಕ್ಯಾಂಪೊಳಗೆ ಓಡಾಡೋಕೆ ಒಂದು ಜೊತೆ ಚಪ್ಪಲಿ.

ಬಟ್ಟೆ ವಿಷ್ಯ ಜಾಸ್ತಿ ಹೇಳೋದೇನಿಲ್ಲ. ಮೈಮೇಲೊಂದು, ಒಗೆದು ಹಾಕಿದ್ದೊಂದು, ಮಲಗೋಕೊಂದು, ಎಲ್ಲಾ ತುಂಬು ತೋಳಿಂದು. ಮಿಲಿಟರಿ ಥರ ಕಾಣೋ ಹಸಿರು ಚುಕ್ಕೆ ಡಿಸೈನ್ ಬೇಡ್ವೇ ಬೇಡ, ನೋಡಿದವರು ತಪ್ಪು ತಿಳ್ಕೋತಾರೆ.

ಔಷಧಿಗೆ ಮಾತ್ರ ಸ್ವಲ್ಪ ಟೈಮ್ ಕೊಡಿ. ನಿಮ್ಮ ಬಿಪಿನೋ ಶುಗರೋ ಮಾತ್ರೆ ಹೋಗೋ ದಿನಕ್ಕಿಂತ ಒಂದು ವಾರ ಜಾಸ್ತಿ ತಗೊಳ್ಳಿ, ಅರ್ಧ ಚಿಕ್ಕ ಬ್ಯಾಗಲ್ಲಿ ಅರ್ಧ ದೊಡ್ಡದ್ರಲ್ಲಿ. ಸ್ಟ್ರಿಪ್ಪಿಂದ ಬಿಡಿಸಿ ಡಬ್ಬೀಗೆ ಹಾಕಬೇಡಿ, ಚೆಕಿಂಗಲ್ಲಿ ಯಾವ ಮಾತ್ರೆ ಅಂತ ಕೇಳಿದ್ರೆ ಹೇಳೋಕಾಗಲ್ಲ, ಡಾಕ್ಟರ್ ಚೀಟಿ ಫೋಟೋನೂ ಇರಲಿ. ಓಆರ್‌ಎಸ್ ಪ್ಯಾಕೆಟ್, ಬ್ಯಾಂಡೇಜ್, ಗಾಯಕ್ಕೆ ಹಚ್ಚೋ ಮುಲಾಮು, ಸೊಳ್ಳೆ ಕ್ರೀಮು. ಟೆಟನಸ್ ಇಂಜೆಕ್ಷನ್ ತಗೊಂಡು 10 ವರ್ಷ ಆಗಿದ್ರೆ ಈಗ್ಲೇ ಹಾಕಿಸ್ಕೊಳ್ಳಿ. ಪ್ರವಾಹದ ನೀರಲ್ಲಿ ಇಲಿ ಜ್ವರ ಬರೋ ಭಯ ಇರುತ್ತೆ, ಅದಕ್ಕೆ ಮುಂಚೆನೇ ಮಾತ್ರೆ ತಗೋಬೇಕಾ ಅಂತ ಡಾಕ್ಟರನ್ನ ಕೇಳಿ, ಪಕ್ಕದವರು ತಗೊಂಡ್ರು ಅಂತ ನೀವೂ ನುಂಗಬೇಡಿ.

ನೀರಿಗೆ ಬಾಟಲಿ ಜೊತೆ ಕ್ಲೋರಿನ್ ಮಾತ್ರೆ. ಕೆಸರು ನೀರಾದ್ರೆ ಮೊದಲು ಬಟ್ಟೇಲಿ ಸೋಸಿ, ಪ್ಯಾಕೆಟ್ ಮೇಲೆ ಬರೆದಿರೋ ಅಳತೇಲಿ ಮಾತ್ರೆ ಹಾಕಿ, ಸಾಮಾನ್ಯವಾಗಿ 30 ನಿಮಿಷ ಬಿಡಬೇಕು. ಕುದಿಸೋಕೆ ಆಗೋದಾದ್ರೆ ಚೆನ್ನಾಗಿ ಕೊತಕೊತ ಕುದಿಯೋಕೆ ಶುರು ಆದ್ಮೇಲೆ 1 ನಿಮಿಷ, 2,000 ಮೀಟರಿಗಿಂತ ಎತ್ತರದ ಜಾಗದಲ್ಲಿ 3 ನಿಮಿಷ. ಆದ್ರೆ ಡೀಸೆಲ್ ವಾಸನೆ ಬರೋ ನೀರು ಅಥವಾ ಕೆಮಿಕಲ್ ಸೇರಿರೋ ನೀರು ಇದ್ಯಾವುದ್ರಿಂದನೂ ಸರಿಹೋಗಲ್ಲ, ಅದನ್ನ ಬಿಟ್ಬಿಡಿ.

ಟಾರ್ಚ್‌ಗಿಂತ ಹೆಡ್‌ಲ್ಯಾಂಪ್ ಒಳ್ಳೇದು, ಎರಡೂ ಕೈ ಖಾಲಿ ಇರುತ್ತೆ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಲಿ ಹಿಡಿಯೋ ಬ್ಯಾಗಲ್ಲೇ ಇರ್ಬೇಕು, ಚೆಕ್‌ಇನ್ ಲಗೇಜಲ್ಲಿ ಬಿಡಲ್ಲ, ಸಾಮಾನ್ಯ ಮಿತಿ 100 ವ್ಯಾಟ್ ಅವರ್. ಲೆಕ್ಕ ಸುಲಭ, ಪವರ್ ಬ್ಯಾಂಕ್ ಮೇಲೆ ಬರೆದಿರೋ ಎಂಎಎಚ್ (mAh) ನಂಬರನ್ನ 3.7ರಿಂದ ಗುಣಿಸಿ 1,000ದಿಂದ ಭಾಗಿಸಿ, 20,000 ಎಂಎಎಚ್ ಅಂದ್ರೆ 74 ಬಂತು, ಪರವಾಗಿಲ್ಲ. ಫೋನಲ್ಲಿ ಆ ಜಾಗದ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ನೆಟ್‌ವರ್ಕ್ ಹೋದ್ರೂ ಜಿಪಿಎಸ್ ಕೆಲಸ ಮಾಡುತ್ತೆ. ಮನೆಯವರ, ಲೀಡರ್ ನಂಬರು, ನಿಮ್ಮ ಬ್ಲಡ್ ಗ್ರೂಪು ಒಂದು ಚೀಟೀಲಿ ಬರೆದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಜೇಬಲ್ಲಿ ಇಟ್ಕೊಳ್ಳಿ, ಫೋನ್ ಸತ್ತಾಗ ಎಷ್ಟು ನಂಬರ್ ಬಾಯಿಪಾಠ ಇದೆ ಅಂತ ಗೊತ್ತಾಗುತ್ತೆ.

ಎಲ್ಲಾ ತುಂಬುವಾಗ ಒಳಗೊಂದು ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಇಡಿ, ಭಾರದ್ದು ಬೆನ್ನಿಗೆ ಹತ್ತಿರ, ರೇನ್‌ಕೋಟ್ ಎಲ್ಲಕ್ಕಿಂತ ಮೇಲೆ. ಆಮೇಲೆ ಎರಡೂ ಬ್ಯಾಗ್ ಹೊತ್ಕೊಂಡು ನಾಲ್ಕು ಮಹಡಿ ಮೆಟ್ಟಿಲು ಹತ್ತಿ. ನಡುವೆ ನಿಂತ್ರಿ ಅಂದ್ರೆ ಮನೆಗೆ ಬಂದು ಬ್ಯಾಗ್ ಬಿಚ್ಚಿ ಏನಾದ್ರೂ ತೆಗೀರಿ, ಹೆಲಿಕಾಪ್ಟರಲ್ಲಿ ತೂಕ ನೋಡೋರು ನಿಮ್ಮ ಕಷ್ಟ ಕೇಳಲ್ಲ.

ವಾಪಸ್ ಬಂದ ವಾರದಲ್ಲೇ ತೊಳೆದು ಒಣಗಿಸಿ, ಖಾಲಿ ಆಗಿದ್ದು ತುಂಬಿಸಿ, ಎಕ್ಸ್‌ಪೈರಿ ಡೇಟ್ ನೋಡಿ. ಒಂದು ಸಲನೂ ಹೊರಗೆ ತೆಗೀದೇ ಇದ್ದ ಸಾಮಾನು ಯಾವುದು ಅಂತ ಬರ್ಕೊಳ್ಳಿ, ಫಸ್ಟ್ ಏಯ್ಡ್ ಬಿಟ್ಟು ಉಳಿದಿದ್ದು ಮುಂದಿನ ಸಲಕ್ಕೆ ಬೇಡ. ನನ್ನ ಬ್ಯಾಗಿಂದ ಹಾಗೆ ಹೊರಗೆ ಬಿದ್ದಿದ್ದು ಮಡಚೋ ಸ್ಟೂಲು ಮತ್ತೆ ಎರಡು ದಪ್ಪ ಪುಸ್ತಕ, ಒಳಗೆ ಸೇರಿದ್ದು ಇಯರ್‌ಪ್ಲಗ್. ಇಪ್ಪತ್ತು ಜನ ಒಂದೇ ಹಾಲಲ್ಲಿ ಮಲಗಿದಾಗ ಗೊರಕೆ ಯಾವ ಕಡೆಯಿಂದ ಶುರು ಆಗುತ್ತೆ ಅಂತ ಹೇಳೋಕಾಗಲ್ಲ.