ಭತ್ತದ ಅರ್ಧ ಕಾಳಿನಲ್ಲಿ ಜೀನ್ ಚಾಲೂ ಮಾಡಿ ನೋಡಿದ ಬಗೆ

ಈ ಪ್ರಯೋಗಕ್ಕೆ ಬೇಕಾದ ಮುಖ್ಯ ಸಾಮಗ್ರಿ ದಾವಣಗೆರೆಯಲ್ಲಿ ಭದ್ರಾ ನಾಲೆಯ ಗದ್ದೆಗಳಿಂದಲೇ ಸಿಗುತ್ತದೆ: ಬಿತ್ತನೆ ಭತ್ತ. ಕಾಳು ಮೊಳೆಯುವಾಗ ಭ್ರೂಣ ಜಿಬ್ಬೆರೆಲಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ತೌಡಿನೊಳಗಿನ ಅಲ್ಯೂರೋನ್ ಎಂಬ ಪದರದ ಕೋಶಗಳಲ್ಲಿ ಅದು ತನ್ನನ್ನು ಗುರುತಿಸುವ ಜಿಐಡಿ1 ಎಂಬ ಗ್ರಾಹಕ ಪ್ರೋಟೀನನ್ನು ಸೇರಿದಾಗ, ಜೀನನ್ನು ಅದುಮಿಟ್ಟಿದ್ದ ಎಸ್‌ಎಲ್‌ಆರ್1 ಪ್ರೋಟೀನು ನಾಶವಾಗುತ್ತದೆ. ಆಮೇಲೆ ಜಿಎಎಂವೈಬಿ ಎಂಬ ಪ್ರೋಟೀನು ತಯಾರಾಗಿ, ಪಿಷ್ಟ ಕರಗಿಸುವ ಆಲ್ಫಾ ಅಮೈಲೇಸ್ ಕಿಣ್ವದ ಜೀನಿನ ಪ್ರಮೋಟರಿನಲ್ಲಿ, ಅಂದರೆ ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗದಲ್ಲಿ, ಟಿಎಎಸಿಎಎಎ ಎಂಬ ಅಕ್ಷರ ಸಾಲಿನ ಜಾಗದಲ್ಲಿ ಕೂರುತ್ತದೆ, ಪ್ರತಿಲೇಖನ (ಜೀನಿನಿಂದ ಆರ್‌ಎನ್‌ಎ ನಕಲು ತಯಾರಾಗುವುದು) ಜೋರಾಗುತ್ತದೆ. ಭ್ರೂಣ ಕತ್ತರಿಸಿ ತೆಗೆದು ಹಾರ್ಮೋನನ್ನು ನಾವೇ ಕೊಟ್ಟರೆ ಈ ಸ್ವಿಚ್ಚು ನಮ್ಮ ಕೈಯಲ್ಲಿರುತ್ತದೆ.

ಅಂಗಡಿ ಅಕ್ಕಿ ನಡೆಯದು. ಪಾಲಿಶ್ ಮಾಡಿದಾಗ ಅಲ್ಯೂರೋನ್ ತೌಡಿನ ಜೊತೆ ಹೋಗಿರುತ್ತದೆ. ಕುಸುಬಲಕ್ಕಿ, ಮಂಡಕ್ಕಿ ಭಟ್ಟಿಯ ಅಕ್ಕಿ ಬೆಂದವು, ಅವುಗಳ ಕೋಶಗಳು ಸತ್ತಿವೆ. ಔಷಧ ಲೇಪಿಸದ ಭತ್ತ ತಂದು, ಕೈಯಲ್ಲೇ ಹೊಟ್ಟು ಬಿಡಿಸಬೇಕು.

ಕಾಳು ಇಡುವ ತಟ್ಟೆಯ ಜೆಲ್ಲಿಗೆ, 100 ಮಿ.ಲೀ. ನೀರಿಗೆ ಅಗರ್ 1.5 ಗ್ರಾಂ, ಕರಗುವ ಪಿಷ್ಟ 0.2 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 0.15 ಗ್ರಾಂ. ಕ್ಯಾಲ್ಸಿಯಂ ಇಲ್ಲದಿದ್ದರೆ ಅಮೈಲೇಸ್ ಕೆಡದೆ ಉಳಿಯುವುದಿಲ್ಲ. ಜಿಬ್ಬೆರೆಲಿಕ್ ಆಮ್ಲ (ಒಂದು ಬಗೆಯ ಜಿಬ್ಬೆರೆಲಿನ್) 3.5 ಮಿ.ಗ್ರಾಂ. ಅನ್ನು ಕೆಲವು ಹನಿ ಎಥನಾಲಿನಲ್ಲಿ ಕರಗಿಸಿ ನೀರು ಸೇರಿಸಿ 10 ಮಿ.ಲೀ. ಮಾಡಿಕೊಳ್ಳಿ. ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ) ಶುದ್ಧವಾದ ಆ 100 ಮಿ.ಲೀ. ಅಗರ್ 50 ಡಿಗ್ರಿಗೆ ಆರಿದ ಮೇಲೆ ಅದಕ್ಕೆ ಈ ದ್ರಾವಣದಿಂದ 0.1 ಮಿ.ಲೀ. ಹಾಕಿದರೆ 1 ಮೈಕ್ರೋಮೋಲಾರ್ ಆಗುತ್ತದೆ. ಮೂರು ಬಗೆಯ ತಟ್ಟೆ ಬೇಕು: ಅಷ್ಟೇ ಎಥನಾಲ್ ಮಾತ್ರ ಇರುವುದು, ಜಿಬ್ಬೆರೆಲಿನ್ ಇರುವುದು, ಜಿಬ್ಬೆರೆಲಿನ್ ಜೊತೆ 10 ಮೈಕ್ರೋಮೋಲಾರ್ ಅಬ್ಸಿಸಿಕ್ ಆಮ್ಲ ಇರುವುದು. ಅಬ್ಸಿಸಿಕ್ ಆಮ್ಲವೂ ಸಸ್ಯದ ಹಾರ್ಮೋನೇ, ಅದು ಸ್ವಿಚ್ಚನ್ನು ತಡೆಯುತ್ತದೆ.

ಕೊಯ್ಯುವ ಕೆಲಸಕ್ಕೆ ಅವಸರ ಬೇಡ. ಭ್ರೂಣ ಕಾಳಿನ ಬುಡದಲ್ಲಿ ಒಂದು ಪಕ್ಕಕ್ಕೆ, ಮಬ್ಬು ಬಿಳಿ ಚುಕ್ಕೆಯಂತೆ ಕಾಣುತ್ತದೆ. ಅಷ್ಟನ್ನೇ ಚಿವುಟಿದರೆ ಸ್ಕುಟೆಲ್ಲಮ್ (ಭ್ರೂಣವನ್ನು ಪಿಷ್ಟದ ಭಾಗಕ್ಕೆ ಅಂಟಿಸಿರುವ ಪದರ) ಉಳಿಯುತ್ತದೆ, ಅದೂ ಅಮೈಲೇಸ್ ಸುರಿಸುತ್ತದೆ. ಹೊಸ ಬ್ಲೇಡಿನಿಂದ ಬುಡದ ಮೂರನೇ ಒಂದು ಭಾಗವನ್ನೇ ಕೊಯ್ದು ಬಿಸಾಡಿ. ಉಳಿದದ್ದನ್ನು ಶೇ 2ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 20 ನಿಮಿಷ ಅಲುಗಿಸಿ, ಶುದ್ಧ ನೀರಲ್ಲಿ ಐದು ಸಲ ತೊಳೆದು, ಕೊಯ್ದ ಮುಖ ಅಗರ್‌ಗೆ ತಾಗುವಂತೆ ತಟ್ಟೆಗೆ ಹನ್ನೆರಡರಂತೆ ಇಡಿ. ಕತ್ತಲಲ್ಲಿ 30 ಡಿಗ್ರಿ, ಎರಡರಿಂದ ಮೂರು ದಿನ. ಏಪ್ರಿಲ್‌ನಲ್ಲಿ ಇಲ್ಲಿನ ಕೋಣೆಯ ಕಾವನ್ನು ನಂಬಬೇಡಿ, ಇನ್‌ಕ್ಯುಬೇಟರ್ ಬೇಕೇ ಬೇಕು.

ಅಯೋಡಿನ್ ದ್ರಾವಣ ಸುರಿದು ಒಂದು ನಿಮಿಷ ಬಿಟ್ಟು ಬಸಿಯಿರಿ. ತಟ್ಟೆ ಕಡುನೀಲಿಯಾಗಿ, ಪಿಷ್ಟ ಕರಗಿದಲ್ಲಿ ಮಾತ್ರ ಕಾಳಿನ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ಬಣ್ಣ ಮಾಸುವ ಮೊದಲೇ ಫೋಟೋ ತೆಗೆಯಿರಿ. ಎಥನಾಲ್ ತಟ್ಟೆಯಲ್ಲೂ ಉಂಗುರ ಬಂದರೆ ಸ್ಕುಟೆಲ್ಲಮ್ ಉಳಿದಿದೆ, ಇಲ್ಲವೇ ಬ್ಯಾಕ್ಟೀರಿಯಾ ಸೇರಿದೆ. ಲೋಳೆ ಇದ್ದರೆ ಎರಡನೆಯದು.

ಆದರೆ ಉಂಗುರ ತೋರಿಸುವುದು ಕಿಣ್ವವನ್ನು, ಪ್ರತಿಲೇಖನವನ್ನಲ್ಲ. ಅದಕ್ಕೆ 0, 6, 12, 24 ಗಂಟೆಗಳಲ್ಲಿ ಆರ್‌ಎನ್‌ಎ ತೆಗೆಯಬೇಕು. ಕಾಳಿನ ಪಿಷ್ಟ ಗಂಜಿಯಾಗಿ, ಆರ್‌ಎನ್‌ಎ ತೆಗೆಯಲು ಸಾಮಾನ್ಯವಾಗಿ ಬಳಸುವ ಟ್ರೈಝಾಲ್ ದ್ರಾವಣ ಕೈಕೊಡುತ್ತದೆ. ಎಸ್‌ಡಿಎಸ್ (ಒಂದು ಮಾರ್ಜಕ) ಮತ್ತು ಫೀನಾಲ್ ಬಳಸಿ, ಕೊನೆಗೆ 2 ಮೋಲಾರ್ ಆಗುವಷ್ಟು ಲಿಥಿಯಂ ಕ್ಲೋರೈಡ್ ಹಾಕಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಆರ್‌ಎನ್‌ಎ ತಳಕ್ಕೆ ಇಳಿಯುತ್ತದೆ. ಆರ್‌ಎನ್‌ಎಯನ್ನು ಡಿಎನ್‌ಎ ನಕಲಾಗಿಸಿ ಅದರ ಪ್ರಮಾಣ ಅಳೆಯುವ ಕ್ಯುಪಿಸಿಆರ್‌ನಲ್ಲಿ, ಹೋಲಿಕೆಗೆ ಬಳಸುವ ಆಕ್ಟಿನ್ ಜೀನ್ ಒಂದನ್ನೇ ಅಳತೆಗೋಲು ಮಾಡಬೇಡಿ, ಮೊಳಕೆಯ ಹೊತ್ತಿಗೆ ಅದೂ ಏರಿಳಿಯಬಹುದು, ಎರಡಾದರೂ ಇರಲಿ. ಎಂಆರ್‌ಎನ್‌ಎ (ಸಿದ್ಧವಾದ ಆರ್‌ಎನ್‌ಎ ನಕಲು) ಹೆಚ್ಚಿದ್ದು ಅದು ಬೇಗ ನಾಶವಾಗದ ಕಾರಣಕ್ಕೂ ಇರಬಹುದು, ಹಾಗಾಗಿ ಇಂಟ್ರಾನ್ (ನಕಲಿನಿಂದ ಆಮೇಲೆ ಕತ್ತರಿಸಿಹೋಗುವ ತುಂಡು) ಒಳಗಿನ ಪ್ರೈಮರ್‌ಗಳಿಂದ, ಅಂದರೆ ಅದನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳಿಂದ, ಇನ್ನೂ ಕತ್ತರಿಸದ, ಹೊಸದಾಗಿ ತಯಾರಾದ ಆರ್‌ಎನ್‌ಎಯನ್ನೂ ಅಳೆಯಿರಿ. ಡಿಎನ್‌ಎಯಲ್ಲೂ ಇಂಟ್ರಾನ್ ಇರುವುದರಿಂದ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವ ಹಾಕಬೇಕು, ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ನಳಿಕೆಯನ್ನು ಪ್ರತಿ ಮಾದರಿಗೂ ಓಡಿಸಬೇಕು.